ವಾಕ್ಯ ಎಲ್ಲೋ ಎಡವುತ್ತಿದೆಯೇ? ಇಂಗ್ಲಿಷ್ ಕ್ರಿಯಾಪದದ ದೋಷ ಹುಡುಕುವ ಕೈಪಿಡಿ

ಇಂಗ್ಲಿಷಿನಲ್ಲಿ ಒಂದು ಪತ್ರ ಬರೆದಿದ್ದೀರಿ. ಪದಗಳೆಲ್ಲ ಸರಿ ಇವೆ, ಸ್ಪೆಲ್ಲಿಂಗ್ ತಪ್ಪಿಲ್ಲ. ಆದರೂ ಓದಿದವರು ‘ಏನೋ ಸರಿ ಇಲ್ಲ’ ಅನ್ನುತ್ತಾರೆ. ಏನು ಅಂತ ಕೇಳಿದರೆ ಅವರಿಗೂ ಹೇಳಲು ಬರುವುದಿಲ್ಲ. ಇಂಥ ಕಡೆ ಮೊದಲು ಅನುಮಾನ ಪಡಬೇಕಾದ್ದು ಕ್ರಿಯಾಪದವನ್ನು. ಅದಕ್ಕೆ ಇಡೀ ವ್ಯಾಕರಣ ಓದಬೇಕಿಲ್ಲ. ಕಾಣುತ್ತಿರುವ ಲಕ್ಷಣ ಯಾವುದು ಅಂತ ಗುರುತಿಸಿ, ಸುಲಭದ ಪರೀಕ್ಷೆಯಿಂದ ಶುರು ಮಾಡಿದರೆ ಸಾಕು.

ಕೈ ಹಾಕುವ ಮುಂಚೆ ಎರಡು ಎಚ್ಚರಿಕೆ

ಮೂಲ ಬರಹದ ಒಂದು ಪ್ರತಿ ಬೇರೆ ಇಟ್ಟುಕೊಳ್ಳಿ. ತಿದ್ದುತ್ತಾ ಹೋದಂತೆ ಸರಿ ಇದ್ದದ್ದೂ ಕೆಡುವುದುಂಟು, ಆಗ ಹಿಂದಕ್ಕೆ ಹೋಗಲು ಅದು ಬೇಕು.

ಎಲ್ಲ ‘ಹ್ಯಾವ್’ಗಳನ್ನೂ ಒಂದೇ ಏಟಿಗೆ ‘ಹ್ಯಾಸ್’ ಮಾಡುವ ಕೆಲಸಕ್ಕೆ ಹೋಗಬೇಡಿ. ಕಂಪ್ಯೂಟರಿನಲ್ಲಿ ಅದು ಒಂದು ಕ್ಲಿಕ್ಕಿನ ಮಾತು. ಆಗುವ ಹಾನಿ ಹುಡುಕಲು ಮಾತ್ರ ಅರ್ಧ ದಿನ ಬೇಕು. ಒಂದು ಸಲಕ್ಕೆ ಒಂದು ವಾಕ್ಯ ನೋಡಿ.

ಇನ್ನೊಂದು ವಿಷಯ ತಲೆಯಲ್ಲಿರಲಿ, ಮುಂದಿನ ಪರೀಕ್ಷೆಗಳೆಲ್ಲ ಇದರ ಮೇಲೇ ನಿಂತಿವೆ. ಕನ್ನಡದಲ್ಲಿ ‘ಕೆಲಸ ಮಾಡುತ್ತಿದ್ದಾಳೆ’ ಅಂದಾಗ ‘ಅವಳು’ ಅನ್ನುವ ಗುರುತು ಇರುವುದು ಕೊನೆಯಲ್ಲಿ, ಕ್ರಿಯಾಪದದ ಬಾಲದಲ್ಲಿ. ಇಂಗ್ಲಿಷಿನಲ್ಲಿ ಕ್ರಿಯಾಪದಗಳು ಒಂದರ ಹಿಂದೆ ಒಂದು ಸಾಲಾಗಿ ನಿಲ್ಲುತ್ತವೆ: ‘ಶಿ ಹ್ಯಾಸ್ ಬೀನ್ ವರ್ಕಿಂಗ್’. ಯಾರು, ಯಾವಾಗ ಅನ್ನುವ ಗುರುತು ಇಲ್ಲಿ ಸಾಲಿನ ತಲೆಯಲ್ಲಿರುವ ‘ಹ್ಯಾಸ್’ಗೆ ಮಾತ್ರ. ‘ಬೀನ್’ ಹಾಗಿರುವುದು ಅದರ ಮುಂದೆ ‘ಹ್ಯಾಸ್’ ಇರುವುದರಿಂದ, ‘ವರ್ಕಿಂಗ್’ ಹಾಗಿರುವುದು ಅದರ ಮುಂದೆ ‘ಬೀನ್’ ಇರುವುದರಿಂದ. ತಲೆಯ ಹಿಂದೆ ಇರುವವಕ್ಕೂ ಕರ್ತೃವಿಗೂ ಲೆಕ್ಕವೇ ಇಲ್ಲ.

ಹಾಗಾಗಿ ದೋಷ ಸಿಕ್ಕ ಕಡೆಯಲ್ಲೆಲ್ಲ ಮೊದಲು ಸಾಲಿನ ತಲೆ ಯಾವುದು ಅಂತ ಹುಡುಕಿ, ಅದರ ಕೆಳಗೆ ಗೆರೆ ಎಳೆಯಿರಿ.

ಲಕ್ಷಣ: ವಾಕ್ಯ ಬೋಳಾಗಿ ಕೇಳುತ್ತದೆ

‘ಶಿ ವರ್ಕ್ ಇನ್ ಎ ಬ್ಯಾಂಕ್.’ ‘ದ ಬಸ್ ಸ್ಟಾಪ್ ಹಿಯರ್.’ ‘ಮೈ ಫಾದರ್ ಹ್ಯಾವ್ ಎ ಕಾರ್.’ ಸಾಲಿನಲ್ಲಿ ಒಂದೇ ಕ್ರಿಯಾಪದ ಇದೆ, ಅದರ ಮೇಲೆ ಗುರುತಿಲ್ಲ.

ಪರೀಕ್ಷೆ: ಕರ್ತೃವಿನ ಜಾಗಕ್ಕೆ ‘ಹಿ’, ‘ಶಿ’ ಅಥವಾ ‘ಇಟ್’ ಹಾಕಿ ನೋಡಿ. ಹೊಂದಿಕೊಂಡರೆ, ಕಾಲ ವರ್ತಮಾನವಾಗಿದ್ದರೆ, ಕ್ರಿಯಾಪದಕ್ಕೆ ‘ಎಸ್’ ಬೇಕು: ‘ವರ್ಕ್ಸ್’, ‘ಸ್ಟಾಪ್ಸ್’, ‘ಹ್ಯಾಸ್’. ‘ಐ’, ‘ಯು’, ‘ವಿ’, ‘ದೇ’ ಬಂದರೆ ಬೇಡ. ಭೂತಕಾಲದಲ್ಲಿ ‘ವಾಸ್’ ಮತ್ತು ‘ವರ್’ ಬಿಟ್ಟರೆ ಯಾರಿಗೂ ಯಾವ ಬದಲಾವಣೆಯೂ ಇಲ್ಲ. ‘ಐ ವೆಂಟ್’, ‘ಶಿ ವೆಂಟ್’, ‘ದೇ ವೆಂಟ್’, ಅಷ್ಟೆ.

ಹಳೆಯ ಇಂಗ್ಲಿಷಿನಲ್ಲಿ ನಾನು, ನೀನು, ಅವನು ಎಲ್ಲಕ್ಕೂ ಬೇರೆ ಬೇರೆ ಬಾಲ ಇತ್ತು, ನಮ್ಮ ಭಾಷೆಯ ಹಾಗೆಯೇ. ಕಾಲ ಕಳೆದಂತೆ ಒಂದೊಂದೇ ಉದುರಿ ಹೋಗಿ ಈಗ ಉಳಿದಿರುವುದು ಈ ಒಂದು ‘ಎಸ್’. ಉಳಿದಿರುವುದು ಒಂದೇ ಆದ್ದರಿಂದ ಅದನ್ನು ಬಿಟ್ಟರೆ ಎದ್ದು ಕಾಣುತ್ತದೆ.

‘ಎಸ್’ ಬಿಟ್ಟುಹೋಗಲು ನಮ್ಮವರಿಗೆ ಎರಡು ಕಾರಣ ಇರುತ್ತವೆ. ಒಂದು ಕಿವಿಯದ್ದು. ಕನ್ನಡದ ಪದಗಳು ಸ್ವರದಲ್ಲಿ ಮುಗಿಯುವುದೇ ಜಾಸ್ತಿ, ‘ಆಸ್ಕ್ಸ್’ ತರಹ ವ್ಯಂಜನಗಳ ಗುಂಪಿನಲ್ಲಿ ಮುಗಿದರೆ ಕೊನೆಯ ಸದ್ದು ನಾಲಿಗೆಯಿಂದ ಜಾರುತ್ತದೆ, ಆಮೇಲೆ ಬರಹದಿಂದಲೂ ಜಾರುತ್ತದೆ. ‘ಯೂಸ್ಡ್ ಟು’ ಬರೆಯಬೇಕಾದಲ್ಲಿ ‘ಯೂಸ್ ಟು’, ‘ಸಪೋಸ್ಡ್ ಟು’ ಬದಲಿಗೆ ‘ಸಪೋಸ್ ಟು’ ಬರುವುದೂ ಹೀಗೆಯೇ. ಎರಡನೆಯದು ಮರ್ಯಾದೆ. ‘ಅಪ್ಪ ಬರುತ್ತಾರೆ’ ಅನ್ನುವ ಅಭ್ಯಾಸದಲ್ಲಿ ‘ಮೈ ಫಾದರ್ ಕಮ್’ ಬಂದುಬಿಡುತ್ತದೆ. ಇಂಗ್ಲಿಷ್ ಕ್ರಿಯಾಪದಕ್ಕೆ ಗೌರವದ ಬಹುವಚನ ಗೊತ್ತಿಲ್ಲ. ಅಪ್ಪ ಆಗಲಿ ಮಂತ್ರಿ ಆಗಲಿ, ಒಬ್ಬರಾದರೆ ‘ಕಮ್ಸ್’.

ಇದಕ್ಕೆ ಒಂದೇ ಅಪವಾದ ‘ಯು’. ಅದು ಒಂದು ಕಾಲದಲ್ಲಿ ನಮ್ಮ ‘ನೀವು’ ಇದ್ದ ಹಾಗೆ ಬಹುವಚನಕ್ಕೂ ಗೌರವಕ್ಕೂ ಇತ್ತು. ‘ನೀನು’ ಅನ್ನಲು ಇದ್ದ ‘ದೌ’ ಬಳಕೆ ತಪ್ಪಿತು. ಎದುರಿಗೆ ಒಬ್ಬರೇ ಇದ್ದರೂ ‘ಯು ಆರ್’, ‘ಯು ವರ್’ ಅನ್ನುವುದು ಅದಕ್ಕೆ. ‘ಯು ವಾಸ್’ ಬರೆದಿದ್ದರೆ ತಿದ್ದಿ.

ಸ್ಪೆಲ್ಲಿಂಗ್ ನೋಡಿಕೊಳ್ಳಿ: ‘ಗೋ’, ‘ವಾಚ್’, ‘ವಾಶ್’, ‘ಫಿಕ್ಸ್’ ಇವಕ್ಕೆ ‘ಇಎಸ್’. ವ್ಯಂಜನದ ನಂತರ ‘ವೈ’ ಬಂದರೆ ಅದು ಹೋಗಿ ‘ಐಇಎಸ್’ ಬರುತ್ತದೆ, ‘ಸ್ಟಡಿ’ಗೆ ಆಗುವ ಹಾಗೆ. ‘ಪ್ಲೇ’ಯಲ್ಲಿ ‘ವೈ’ ಮುಂಚೆ ಸ್ವರ ಇರುವುದರಿಂದ ಬರೀ ‘ಎಸ್’ ಸಾಕು.

ಲಕ್ಷಣ: ಪ್ರಶ್ನೆ ಮತ್ತು ‘ಇಲ್ಲ’ ವಾಕ್ಯಗಳು ಮಾತ್ರ ತಪ್ಪುತ್ತವೆ

‘ಡಿಡ್ ಯು ವೆಂಟ್?’ ‘ಹಿ ಡಿಡ್ ನಾಟ್ ಕೇಮ್.’ ‘ಡಸ್ ಶಿ ಗೋಸ್?’ ‘ಹಿ ಕ್ಯಾನ್ ಸ್ವಿಮ್ಸ್.’ ಇಲ್ಲಿ ತೊಂದರೆ ಉಲ್ಟಾ. ಗುರುತು ಕಮ್ಮಿ ಆಗಿಲ್ಲ, ಎರಡು ಕಡೆ ಬಿದ್ದಿದೆ.

‘ಡಿಡ್’ ತಲೆಯಾಗಿ ನಿಂತ ಮೇಲೆ ಭೂತಕಾಲದ ಕೆಲಸ ಮುಗಿಯಿತು. ಹಿಂದಿನದು ಮೂಲ ರೂಪದಲ್ಲೇ ಇರಬೇಕು: ‘ಡಿಡ್ ಯು ಗೋ’, ‘ಡಿಡ್ ನಾಟ್ ಕಮ್’, ‘ಡಸ್ ಶಿ ಗೋ’. ಇದು ನಮಗೆ ಹೊಸದೇನೂ ಅಲ್ಲ. ‘ಹೋದೆ’ ಅನ್ನುತ್ತೇವೆ, ಆದರೆ ಇಲ್ಲ ಅನ್ನುವಾಗ ‘ಹೋಗಲಿಲ್ಲ’. ‘ಹೋದಲಿಲ್ಲ’ ಅಂತ ಯಾರೂ ಅನ್ನುವುದಿಲ್ಲ, ಅಲ್ವಾ? ಅದೇ ಕಿವಿಯನ್ನು ‘ಡಿಡ್ ನಾಟ್ ಗೋ’ಗೂ ಬಳಸಿ.

‘ಕ್ಯಾನ್’, ‘ಕುಡ್’, ‘ವಿಲ್’, ‘ವುಡ್’, ‘ಶಲ್’, ‘ಶುಡ್’, ‘ಮೇ’, ‘ಮೈಟ್’, ‘ಮಸ್ಟ್’ ಇವು ಇನ್ನೂ ಸುಲಭ. ಕನ್ನಡದಲ್ಲಿ ‘ನಾನು ಹೋಗಬಹುದು’, ‘ಅವಳು ಹೋಗಬಹುದು’, ‘ಅವರು ಹೋಗಬಹುದು’. ‘ಬಹುದು’, ‘ಬೇಕು’, ‘ಬಾರದು’ ಇವು ಕರ್ತೃ ಯಾರಾದರೂ ಬದಲಾಗುವುದಿಲ್ಲ. ಈ ಒಂಬತ್ತೂ ಹಾಗೆಯೇ. ಅವಕ್ಕೆ ‘ಎಸ್’ ಇಲ್ಲ, ಅವುಗಳ ಹಿಂದೆ ಬರುವುದಕ್ಕೂ ‘ಎಸ್’ ಇಲ್ಲ, ನಡುವೆ ‘ಟು’ ಕೂಡ ಇಲ್ಲ. ‘ಮಸ್ಟ್ ಟು ಗೋ’ ಕಂಡರೆ ‘ಟು’ ತೆಗೆಯಿರಿ.

ಇಲ್ಲೊಂದು ಹಳ್ಳ ಇದೆ. ‘ಶಿ ಮಸ್ಟ್ ಹ್ಯಾವ್ ಗಾನ್’ ಸರಿಯಾದ ವಾಕ್ಯ. ‘ಶಿ’ ಕಂಡ ತಕ್ಷಣ ‘ಹ್ಯಾವ್’ ತೆಗೆದು ‘ಹ್ಯಾಸ್’ ಹಾಕಲು ಕೈ ಹೋಗುತ್ತದೆ. ಹಾಕಬೇಡಿ. ತಲೆ ‘ಮಸ್ಟ್’.

ಲಕ್ಷಣ: ‘ಹ್ಯಾವ್’, ‘ಹ್ಯಾಸ್’, ‘ವಾಸ್’ ಆದ ಮೇಲೆ ಅಪಸ್ವರ

‘ಐ ಹ್ಯಾವ್ ವೆಂಟ್.’ ‘ಶಿ ಹ್ಯಾಸ್ ರೋಟ್.’ ‘ದ ಹೌಸ್ ವಾಸ್ ಬಿಲ್ಡ್.’ ತಲೆ ಸರಿ ಇದೆ, ಹಿಂದಿನದು ಕೆಟ್ಟಿದೆ.

‘ಹ್ಯಾವ್’ ಬಳಗದ ಹಿಂದೆ ಮೂರನೆಯ ರೂಪ ಬರಬೇಕು. ಶಾಲೆಯಲ್ಲಿ ‘ಗೋ, ವೆಂಟ್, ಗಾನ್’ ಅಂತ ಬಾಯಿಪಾಠ ಮಾಡಿದ್ದರಲ್ಲಿ ಕೊನೆಯದು. ಕೆಲಸ ಯಾರ ಮೇಲೋ ಆಯಿತು ಅನ್ನುವ ಅರ್ಥದಲ್ಲಿ ‘ಈಸ್’, ‘ವಾಸ್’ ಬಂದರೂ ಮೂರನೆಯದೇ: ‘ವಾಸ್ ರಿಟನ್’, ‘ವಾಸ್ ಬಿಲ್ಟ್’. ಎರಡನೆಯ ರೂಪಕ್ಕೆ ಸಾಲಿನ ಹಿಂದೆ ಜಾಗವೇ ಇಲ್ಲ. ಅದು ಯಾವಾಗಲೂ ಒಂಟಿ, ತಾನೇ ತಲೆ.

ಮೂರೂ ರೂಪ ಬೇರೆ ಇರುವ ಕ್ರಿಯಾಪದಗಳಲ್ಲೇ ತಪ್ಪು ಜಾಸ್ತಿ ಆಗುವುದು: ‘ಬಿಗಿನ್, ಬಿಗ್ಯಾನ್, ಬಿಗನ್’, ‘ಡ್ರಿಂಕ್, ಡ್ರ್ಯಾಂಕ್, ಡ್ರಂಕ್’, ‘ಟೇಕ್, ಟುಕ್, ಟೇಕನ್’. ‘ಕಮ್’ ಮತ್ತು ‘ರನ್’ ಸುತ್ತಿ ಮೊದಲಿನ ಜಾಗಕ್ಕೇ ಬರುತ್ತವೆ, ಹಾಗಾಗಿ ‘ಹ್ಯಾಸ್ ಕಮ್’, ‘ಹ್ಯಾಸ್ ರನ್’. ‘ಪುಟ್’, ‘ಕಟ್’, ‘ಹಿಟ್’ ಮೂರರಲ್ಲೂ ಒಂದೇ. ‘ರೀಡ್’ ಬರೆಯುವಾಗ ಮೂರೂ ಒಂದೇ, ಓದುವಾಗ ಎರಡನೆಯದೂ ಮೂರನೆಯದೂ ‘ರೆಡ್’.

ಜೋಡಿಗಳು ಗಲಿಬಿಲಿ ಮಾಡುತ್ತವೆ. ‘ಫಾಲ್, ಫೆಲ್, ಫಾಲನ್’ ಬೀಳುವುದು. ‘ಫೀಲ್, ಫೆಲ್ಟ್, ಫೆಲ್ಟ್’ ಅನಿಸುವುದು. ‘ಫೈಂಡ್, ಫೌಂಡ್, ಫೌಂಡ್’ ಹುಡುಕಿ ಪಡೆಯುವುದು. ‘ಫೌಂಡ್, ಫೌಂಡೆಡ್, ಫೌಂಡೆಡ್’ ಸಂಸ್ಥೆಯನ್ನು ಸ್ಥಾಪಿಸುವುದು. ಎಲ್ಲಕ್ಕಿಂತ ಕೆಟ್ಟ ಜೋಡಿ ಮಲಗುವುದು ಮತ್ತು ಇಡುವುದು. ಮಲಗುವುದು ‘ಲೈ, ಲೇ, ಲೇನ್’, ಇಡುವುದು ‘ಲೇ, ಲೇಡ್, ಲೇಡ್’. ಒಂದರ ಭೂತಕಾಲ ಇನ್ನೊಂದರ ಮೂಲ ರೂಪ. ಸುಳ್ಳು ಹೇಳುವ ‘ಲೈ’ ಮೂರನೆಯವನು, ಅವನದು ‘ಲೈಡ್’. ಇಂಗ್ಲಿಷ್ ಮನೆಮಾತಿನವರೂ ಇಲ್ಲಿ ದಿನಾ ಎಡವುತ್ತಾರೆ, ಹಾಗಾಗಿ ನಾಚಿಕೆ ಬೇಡ, ನಿಘಂಟು ತೆಗೆಯಿರಿ. ಊಹೆ ಮಾತ್ರ ಮಾಡಬೇಡಿ.

ಲಕ್ಷಣ: ಬಿಡಿಯಾಗಿ ಎಲ್ಲ ಸರಿ, ಒಟ್ಟಿಗೆ ಓದಿದರೆ ತಪ್ಪು

ನನ್ನ ಪ್ರಕಾರ ಜಾಸ್ತಿ ಹೊತ್ತು ತಿನ್ನುವುದು ಇದೇ. ‘ದ ಲಿಸ್ಟ್ ಆಫ್ ನೇಮ್ಸ್ ಆರ್ ರೆಡಿ’ ಓದಿ ನೋಡಿ. ‘ನೇಮ್ಸ್ ಆರ್’ ಅನ್ನುವುದು ಕಿವಿಗೆ ಎಷ್ಟು ಚೆನ್ನಾಗಿದೆ! ಆದರೆ ಸಿದ್ಧವಾಗಿರುವುದು ಹೆಸರುಗಳಲ್ಲ, ಪಟ್ಟಿ. ಕ್ರಿಯಾಪದ ತನ್ನ ಕರ್ತೃವನ್ನು ಬಿಟ್ಟು ಪಕ್ಕದಲ್ಲಿದ್ದವರ ಮಾತು ಕೇಳಿದೆ.

ಪರೀಕ್ಷೆಗೆ ಒಂದು ಪೆನ್ಸಿಲ್ ಸಾಕು. ‘ಆಫ್’, ‘ಇನ್’, ‘ವಿತ್’ ಇಂಥ ಪದದಿಂದ ಶುರುವಾಗುವ ತುಂಡನ್ನು ತೆಳ್ಳಗೆ ಹೊಡೆದುಹಾಕಿ, ಉಳಿದದ್ದನ್ನು ಓದಿ. ‘ದ ಲಿಸ್ಟ್ ಈಸ್ ರೆಡಿ.’ ಎರಡು ಕಾಮಾ ನಡುವೆ ಬಂದ ‘ಅಲಾಂಗ್ ವಿತ್’, ‘ಟುಗೆದರ್ ವಿತ್’, ‘ಆಸ್ ವೆಲ್ ಆಸ್’ ತುಂಡುಗಳನ್ನೂ ಹೀಗೇ ಹೊಡೆಯಿರಿ. ‘ದ ಟೀಚರ್, ಅಲಾಂಗ್ ವಿತ್ ಹರ್ ಸ್ಟೂಡೆಂಟ್ಸ್, ಈಸ್ ವೇಟಿಂಗ್.’ ಕಾಯುತ್ತಿರುವವರು ಹಲವರು ಅಂತ ನಮಗೆ ಗೊತ್ತು, ವ್ಯಾಕರಣಕ್ಕೆ ಮಾತ್ರ ಬರೀ ಟೀಚರ್. ‘ಆ್ಯಂಡ್’ ಇದ್ದರೆ ಕಥೆ ಬೇರೆ. ಅದು ನಿಜವಾಗಿ ಕೂಡಿಸುತ್ತದೆ: ‘ದ ಟೀಚರ್ ಆ್ಯಂಡ್ ಹರ್ ಸ್ಟೂಡೆಂಟ್ಸ್ ಆರ್ ವೇಟಿಂಗ್.’

ಈ ಪರೀಕ್ಷೆ ಕೈಕೊಡುವ ಜಾಗ ಮೊದಲೇ ಗೊತ್ತಿರಲಿ. ‘ಎ ಲಾಟ್ ಆಫ್’, ‘ಸಮ್ ಆಫ್’, ‘ಮೋಸ್ಟ್ ಆಫ್’, ‘ಆಲ್ ಆಫ್’, ‘ಹಾಫ್ ಆಫ್’ ಇವು ಬಂದರೆ ಹೊಡೆದುಹಾಕಬೇಡಿ, ‘ಆಫ್’ ಆದ ಮೇಲೆ ಏನಿದೆ ನೋಡಿ. ‘ಮೋಸ್ಟ್ ಆಫ್ ದ ವಾಟರ್ ಈಸ್ ಕ್ಲೀನ್’, ‘ಮೋಸ್ಟ್ ಆಫ್ ದ ರೂಮ್ಸ್ ಆರ್ ಕ್ಲೀನ್’. ‘ನಂಬರ್’ ಇನ್ನೂ ಕಿಲಾಡಿ. ‘ದ ನಂಬರ್ ಆಫ್ ಸ್ಟೂಡೆಂಟ್ಸ್ ಈಸ್ ಸ್ಮಾಲ್’ ಅಂದರೆ ಸಂಖ್ಯೆಯ ಮಾತು, ಏಕವಚನ. ‘ಎ ನಂಬರ್ ಆಫ್ ಸ್ಟೂಡೆಂಟ್ಸ್ ಆರ್ ಆಬ್ಸೆಂಟ್’ ಅಂದರೆ ಹಲವು ವಿದ್ಯಾರ್ಥಿಗಳ ಮಾತು, ಬಹುವಚನ.

ಪೆನ್ಸಿಲ್ ಪರೀಕ್ಷೆ ಪಾಸಾಗಿಯೂ ಅನುಮಾನ ಉಳಿದರೆ ಕನ್ನಡದ ಕಡೆ ತಿರುಗಿ ನೋಡಿ. ಕೆಲವು ದೋಷಗಳ ಬೇರು ಅಲ್ಲಿದೆ.

‘ಎವ್ರಿಒನ್ ಹ್ಯಾವ್ ಕಮ್’ ಯಾಕೆ ಬರುತ್ತದೆ? ‘ಪ್ರತಿಯೊಬ್ಬರೂ ಬಂದಿದ್ದಾರೆ’ ಅನ್ನುವುದರಿಂದ. ನಮಗೆ ಅದು ಬಹುವಚನ. ಇಂಗ್ಲಿಷಿನಲ್ಲಿ ‘ಎವ್ರಿಒನ್’, ‘ಎವ್ರಿಬಡಿ’, ‘ಸಮ್‌ಒನ್’, ‘ನೋಬಡಿ’, ‘ಈಚ್’ ಎಲ್ಲ ಏಕವಚನ. ‘ಎವ್ರಿಒನ್ ಹ್ಯಾಸ್ ಕಮ್.’

‘ದೇರ್ ಈಸ್ ತ್ರೀ ಬುಕ್ಸ್’ ಯಾಕೆ? ಮಾತಿನಲ್ಲಿ ‘ಮೂರು ಪುಸ್ತಕ ಇದೆ’ ಅನ್ನುತ್ತೇವೆ, ಯಾರಿಗೂ ತಪ್ಪು ಅನಿಸುವುದಿಲ್ಲ. ಇಂಗ್ಲಿಷಿನಲ್ಲಿ ‘ದೇರ್’ ಸುಮ್ನೆ ಜಾಗ ಹಿಡಿದು ಕೂತಿರುತ್ತದೆ, ಕರ್ತೃ ಅದರ ಹಿಂದೆ ಬರುತ್ತದೆ. ಹಿಂದೆ ನೋಡಿ ತೀರ್ಮಾನ ಮಾಡಿ: ‘ದೇರ್ ಆರ್ ತ್ರೀ ಬುಕ್ಸ್’.

‘ಒನ್ ಆಫ್ ಮೈ ಫ್ರೆಂಡ್ ಆರ್’ ಅನ್ನುವುದರಲ್ಲಿ ಎರಡು ದೋಷ ಒಟ್ಟಿಗೆ ಇವೆ. ಹಲವರಲ್ಲಿ ಒಬ್ಬ ಅಂದರೆ ಆ ಹಲವರು ಬಹುವಚನದಲ್ಲಿರಬೇಕು, ಕ್ರಿಯಾಪದ ಆ ಒಬ್ಬನಿಗೆ ಹೊಂದಬೇಕು: ‘ಒನ್ ಆಫ್ ಮೈ ಫ್ರೆಂಡ್ಸ್ ಈಸ್’. ಇದರ ಹಿಂದೆ ‘ಹೂ’ ಬಂದರೆ ಮಾತ್ರ ಸ್ವಲ್ಪ ನಿಧಾನಿಸಿ. ‘ಹಿ ಈಸ್ ಒನ್ ಆಫ್ ದ ಪೀಪಲ್ ಹೂ ವರ್ಕ್ ಅಟ್ ನೈಟ್.’ ರಾತ್ರಿ ಕೆಲಸ ಮಾಡುವ ಜನ ಹಲವರಿದ್ದಾರೆ, ಅವರಲ್ಲಿ ಇವನೊಬ್ಬ. ಅಲ್ಲಿ ‘ವರ್ಕ್’ ಸರಿ.

ಇನ್ನು ಪದವೇ ಮೋಸ ಮಾಡುವುದುಂಟು. ‘ನ್ಯೂಸ್’, ‘ಮ್ಯಾಥಮ್ಯಾಟಿಕ್ಸ್’, ‘ಫಿಸಿಕ್ಸ್’ ಇವುಗಳ ಕೊನೆಯಲ್ಲಿ ‘ಎಸ್’ ಇದ್ದರೂ ಏಕವಚನ. ‘ಪೊಲೀಸ್’, ‘ಪೀಪಲ್’ ‘ಎಸ್’ ಸೇರದೆಯೇ ಬಹುವಚನ. ‘ಸಿಸರ್ಸ್’, ‘ಟ್ರೌಸರ್ಸ್’ ಒಂದೇ ವಸ್ತು, ಆದರೂ ‘ಆರ್’. ‘ಇನ್ಫರ್ಮೇಶನ್’, ‘ಫರ್ನಿಚರ್’, ‘ಅಡ್ವೈಸ್’, ‘ಲಗೇಜ್’, ‘ಹೋಮ್‌ವರ್ಕ್’ ಎಣಿಸಲು ಬರುವುದಿಲ್ಲ. ಎಷ್ಟಿದ್ದರೂ ‘ಈಸ್’, ಅವಕ್ಕೆ ‘ಎಸ್’ ಕೂಡ ಹಚ್ಚಬಾರದು. ದೂರ, ಹೊತ್ತು, ಹಣವನ್ನು ಒಂದು ಮೊತ್ತವಾಗಿ ನೋಡಿದರೆ ಏಕವಚನ: ‘ಟೆನ್ ಕಿಲೋಮೀಟರ್ಸ್ ಈಸ್ ಎ ಲಾಂಗ್ ವಾಕ್’.

‘ಐದರ್… ಆರ್’, ‘ನೈದರ್… ನಾರ್’ ಬಂದರೆ ಕ್ರಿಯಾಪದಕ್ಕೆ ಹತ್ತಿರ ಇರುವ ಕರ್ತೃ ಗೆಲ್ಲುತ್ತದೆ. ‘ನೈದರ್ ದ ಮ್ಯಾನೇಜರ್ ನಾರ್ ದ ಕ್ಲರ್ಕ್ಸ್ ಆರ್ ಹಿಯರ್.’ ಬಹುವಚನದ್ದನ್ನು ಎರಡನೆಯದಾಗಿ ಇಟ್ಟರೆ ಕಿವಿಗೂ ಹಿತ.

ಲಕ್ಷಣ: ಕರ್ತೃ ಹೊಂದಿದೆ, ಕಾಲ ಹೊಂದಿಲ್ಲ

‘ಐ ಆ್ಯಮ್ ಹಿಯರ್ ಸಿನ್ಸ್ 2015.’ ‘2015ರಿಂದ ಇಲ್ಲಿದ್ದೇನೆ’ ಅನ್ನುವುದು ಕನ್ನಡಕ್ಕೆ ಸರಿ. ಇಂಗ್ಲಿಷಿನಲ್ಲಿ ಆಗ ಶುರುವಾಗಿ ಈಗಲೂ ನಡೆಯುತ್ತಿದ್ದರೆ ‘ಹ್ಯಾವ್’ ಬೇಕು: ‘ಐ ಹ್ಯಾವ್ ಬೀನ್ ಹಿಯರ್ ಸಿನ್ಸ್ 2015’. ಕಾಲ ಹೇಳುವ ‘ಸಿನ್ಸ್’ ಕಂಡ ಕಡೆಯೆಲ್ಲ ಇದನ್ನು ನೋಡಿಕೊಳ್ಳಿ.

ಉಲ್ಟಾ ದೋಷವೂ ಇದೆ. ‘ಐ ಹ್ಯಾವ್ ಸೀನ್ ಹಿಮ್ ಯೆಸ್ಟರ್‌ಡೇ.’ ನಿನ್ನೆ, ಹೋದ ವಾರ, 2019ರಲ್ಲಿ ಅಂತ ಮುಗಿದ ಹೊತ್ತನ್ನು ಹೇಳಿದ ಮೇಲೆ ‘ಹ್ಯಾವ್’ ಬರಬಾರದು. ‘ಐ ಸಾ ಹಿಮ್ ಯೆಸ್ಟರ್‌ಡೇ.’

‘ಐ ಆ್ಯಮ್ ನೋಯಿಂಗ್’, ‘ಐ ಆ್ಯಮ್ ಹ್ಯಾವಿಂಗ್ ಟು ಬ್ರದರ್ಸ್’ ತರಹದ ‘ಐಎನ್‌ಜಿ’ ತಪ್ಪುಗಳಿಗೆ ಪರೀಕ್ಷೆ ಇದು: ಆ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿ ಆಮೇಲೆ ಮುಂದುವರಿಸಬಹುದೇ? ಓದುವುದನ್ನು ನಿಲ್ಲಿಸಬಹುದು. ಇಬ್ಬರು ಅಣ್ಣಂದಿರು ಇರುವುದನ್ನು ನಿಲ್ಲಿಸಲಾಗದು. ನಿಲ್ಲಿಸಲಾಗದಿದ್ದರೆ ‘ಐಎನ್‌ಜಿ’ ಬೇಡ.

ಲಕ್ಷಣ: ತಪ್ಪು ಅನಿಸುತ್ತದೆ, ಆದರೆ ತಪ್ಪಲ್ಲ

ಹೊಸದಾಗಿ ನಿಯಮ ಕಲಿತವರು ಜಾಸ್ತಿ ಹಾನಿ ಮಾಡುವುದು ಇಲ್ಲಿ. ‘ಇಫ್ ಐ ವರ್ ಯು’ ಸರಿಯಾದದ್ದು. ನಿಜವಲ್ಲದ್ದನ್ನು ಕಲ್ಪಿಸಿಕೊಳ್ಳುವಾಗ ‘ವರ್’ ಬರುತ್ತದೆ. ‘ದೇ ಸಜೆಸ್ಟೆಡ್ ದಟ್ ಹಿ ಗೋ’ ಅನ್ನುವುದರಲ್ಲಿ ‘ಎಸ್’ ಬಿಟ್ಟುಹೋಗಿಲ್ಲ. ಸಲಹೆ, ಬೇಡಿಕೆ, ಒತ್ತಾಯದ ಮಾತಿನ ಹಿಂದೆ ಮೂಲ ರೂಪವೇ ಬರುವ ಪದ್ಧತಿ ಇದೆ. ‘ಮೇಕ್ ಹಿಮ್ ಗೋ’, ‘ಲೆಟ್ ಹರ್ ಸ್ಪೀಕ್’ ಇವೂ ಸರಿ, ತಲೆ ಇಲ್ಲಿ ‘ಮೇಕ್’ ಮತ್ತು ‘ಲೆಟ್’.

ಕಂಪ್ಯೂಟರ್ ಗೆರೆ ಎಳೆದಿದೆ ಅಂತ ತಿದ್ದಬೇಡಿ. ಉದ್ದದ ವಾಕ್ಯಗಳಲ್ಲಿ ಅದೂ ಪಕ್ಕದ ನಾಮಪದಕ್ಕೆ ಮರುಳಾಗಬಹುದು. ಗೆರೆ ಅಂದರೆ ‘ಇಲ್ಲಿ ಒಂದು ಸಲ ನೋಡಿ’ ಅಂತ ಮಾತ್ರ. ಗೆರೆ ಇಲ್ಲ ಅಂದ ಮಾತ್ರಕ್ಕೆ ವಾಕ್ಯ ಸರಿ ಅಂತಲೂ ಅಲ್ಲ.

ಎಲ್ಲಿ ನಿಲ್ಲಿಸಬೇಕು, ಯಾರನ್ನು ಕೇಳಬೇಕು

ಕೆಲವು ಕಡೆ ಎರಡೂ ಸರಿ. ‘ಟೀಮ್’, ‘ಫ್ಯಾಮಿಲಿ’, ‘ಗವರ್ನಮೆಂಟ್’ ಇವಕ್ಕೆ ಅಮೆರಿಕದವರು ಸಾಮಾನ್ಯವಾಗಿ ‘ಈಸ್’ ಬಳಸುತ್ತಾರೆ. ಬ್ರಿಟನ್ನಿನಲ್ಲಿ ‘ಈಸ್’ ಕೂಡ ಇದೆ, ಒಳಗಿನ ಜನರನ್ನು ನೆನೆದರೆ ‘ಆರ್’ ಕೂಡ ಇದೆ. ‘ಡೇಟಾ’, ‘ನನ್’ ಕೂಡ ಎರಡು ರೀತಿ ನಡೆಯುತ್ತವೆ. ‘ಲರ್ನ್ಡ್’ ಮತ್ತು ‘ಲರ್ನ್ಟ್’ ಎರಡೂ ಇವೆ. ಇಂಥದ್ದು ಸಿಕ್ಕಿದರೆ ತಲೆ ಕೆಡಿಸಿಕೊಳ್ಳಬೇಡಿ. ಒಂದನ್ನು ಆರಿಸಿ, ಆ ಬರಹದ ಕೊನೆಯವರೆಗೂ ಅದನ್ನೇ ಇಟ್ಟುಕೊಳ್ಳಿ.

ಒಂದೇ ವಾಕ್ಯವನ್ನು ಮತ್ತೆ ಮತ್ತೆ ತಿದ್ದಿಯೂ ಸಮಾಧಾನ ಆಗದಿದ್ದರೆ ತೊಂದರೆ ಕ್ರಿಯಾಪದದಲ್ಲಿಲ್ಲ, ವಾಕ್ಯದ ಉದ್ದದಲ್ಲಿದೆ. ಎರಡು ಚಿಕ್ಕ ವಾಕ್ಯ ಮಾಡಿ.

ರೂಪದ ಬಗ್ಗೆ ಅನುಮಾನ ಬಂದರೆ ಕಲಿಯುವವರಿಗಾಗಿ ಮಾಡಿದ ಇಂಗ್ಲಿಷ್ ನಿಘಂಟು ನೋಡಿ. ಅನಿಯಮಿತ ಕ್ರಿಯಾಪದಗಳ ಮೂರೂ ರೂಪ ಅದರಲ್ಲಿರುತ್ತವೆ. ನಾಮಪದದ ಪಕ್ಕದಲ್ಲಿ ‘ಸಿ’ ಅಂತ ಇದ್ದರೆ ಎಣಿಸಬಹುದು, ‘ಯು’ ಅಂತ ಇದ್ದರೆ ಎಣಿಸಲಾಗದು.

ಕರಾರು ಪತ್ರ, ಕೋರ್ಟಿನ ಕಾಗದ, ಔಷಧಿಯ ಸೂಚನೆ, ಯಂತ್ರದ ಸುರಕ್ಷತಾ ಸೂಚನೆ ಇವುಗಳಲ್ಲಿ ನೀವಾಗಿ ಒಂದು ಅಕ್ಷರವನ್ನೂ ತಿದ್ದಬೇಡಿ. ‘ಶಲ್’ ಇದ್ದಲ್ಲಿ ‘ಮೇ’ ಮಾಡಿದರೆ ಕಡ್ಡಾಯ ಇದ್ದದ್ದು ಐಚ್ಛಿಕ ಆಗುತ್ತದೆ. ಅನುಮಾನ ಇರುವ ಕಡೆ ಗುರುತು ಹಾಕಿ, ಬರೆದವರಿಗೇ ಕಳಿಸಿ. ಬೇರೆಯವರ ಮಾತನ್ನು ಉದ್ಧರಣ ಚಿಹ್ನೆಯೊಳಗೆ ಕೊಟ್ಟಿದ್ದರೆ ಅದರಲ್ಲಿ ತಪ್ಪಿದ್ದರೂ ಇದ್ದ ಹಾಗೇ ಬಿಡಿ. ಪರೀಕ್ಷೆಗೋ ಪತ್ರಿಕೆಗೋ ಬರೆಯುತ್ತಿದ್ದರೆ ಬ್ರಿಟಿಷ್ ರೀತಿಯೋ ಅಮೆರಿಕನ್ ರೀತಿಯೋ ಅಂತ ಶುರು ಮಾಡುವ ಮುಂಚೆಯೇ ಅಲ್ಲಿನವರನ್ನು ಕೇಳಿಕೊಳ್ಳಿ.